ಸಾಲ ತೀರಿದರೂ ಕಂತು ನಿಲ್ಲದಿರಲಿ

ಕೊನೆಯ ಕಂತು ಕಟ್ಟಿ ಬ್ಯಾಂಕಿನಿಂದ ಹೊರಬಂದ ದಿನ. ಕೆಲಸ ಹೋದರೂ ಆರು ತಿಂಗಳು ಯಾರ ಮುಂದೆಯೂ ಕೈಚಾಚದೆ ಮನೆ ನಡೆಸಿದ್ದು. ಅಡವಿಟ್ಟ ಮನೆಪತ್ರ ಬಿಡಿಸಿಕೊಂಡು ಬಂದದ್ದು. ಕೂಡಿಟ್ಟ ಹಣದ ಬಡ್ಡಿಯೇ ತಾನು ಪ್ರತಿ ತಿಂಗಳು ಹಾಕುವಷ್ಟಾಯಿತು ಎಂದು ಲೆಕ್ಕದಲ್ಲಿ ಕಂಡ ದಿನ. ಹಣದ ವಿಷಯದಲ್ಲಿ ಜನ ವರ್ಷಗಟ್ಟಲೆ ನೆನೆಸಿಕೊಂಡು ಹೆಮ್ಮೆಪಡುವುದು ಇಂಥವಕ್ಕೆ.

ಇವು ಬೇರೆ ಬೇರೆ ಸಾಧನೆಗಳಂತೆ ಕಂಡರೂ ನಾಲ್ಕನ್ನೂ ಕಟ್ಟುವುದು ಒಂದೇ ಸಾಧನ: ಪ್ರತಿ ತಿಂಗಳು ತಪ್ಪದೆ ಕೈಬಿಟ್ಟು ಹೋಗುವ ಒಂದು ನಿಶ್ಚಿತ ಮೊತ್ತ. ಸಾಲ ಇರುವಾಗ ಅದು ಸಾಲಕ್ಕೆ ಹೋಗುತ್ತದೆ. ಸಾಲ ತೀರಿದ ಮರುತಿಂಗಳು ಅದೇ ತಾರೀಖಿಗೆ, ಅದೇ ಮೊತ್ತ, ನಿಮ್ಮದೇ ಇನ್ನೊಂದು ಖಾತೆಗೆ ಹೋಗಬೇಕು. ಸಾಲ ತೀರಿಸಿದವರು ಎರಡು ವರ್ಷದಲ್ಲಿ ಮತ್ತೆ ಸಾಲಕ್ಕೆ ಬೀಳುವುದು ಹೆಚ್ಚಾಗಿ ಈ ಕೊಂಡಿ ತಪ್ಪಿದಾಗ. ಕಂತು ನಿಂತಿತು, ಆ ಹಣ ದಿನದ ಖರ್ಚಿನಲ್ಲಿ ಕರಗಿತು, ಮೊದಲ ಆಪತ್ತಿಗೇ ಕೈ ಖಾಲಿ.

ಕೆಳಗಿನ ಲೆಕ್ಕಗಳಲ್ಲಿ ಮೊತ್ತಗಳು ಉದಾಹರಣೆಗೆ ಮಾತ್ರ. ನಿಮ್ಮ ಅಂಕಿಗಳನ್ನು ಅಲ್ಲಿ ಇಟ್ಟು ನೋಡಿ.

ಮೊದಲು ಒಂದು ಹಾಳೆ

ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಇರುವುದನ್ನೆಲ್ಲ ಬರೆಯಿರಿ: ಖಾತೆಯಲ್ಲಿರುವ ಹಣ, ಠೇವಣಿ, ಭವಿಷ್ಯ ನಿಧಿ, ಷೇರು ಮತ್ತು ಫಂಡ್, ಬೇರೆಯವರಿಂದ ಖಚಿತವಾಗಿ ಬರಬೇಕಾದದ್ದು. ಬಲಕ್ಕೆ ಕೊಡಬೇಕಾದದ್ದು. ಪ್ರತಿ ಸಾಲಕ್ಕೂ ನಾಲ್ಕು ಅಂಕಿ ಬೇಕು: ಇಂದಿನ ಬಾಕಿ, ವಾರ್ಷಿಕ ಬಡ್ಡಿ ದರ, ಕಂತು, ಕಂತಿನ ತಾರೀಖು. ಎಡದಿಂದ ಬಲ ಕಳೆದರೆ ಬರುವುದು ನಿಮ್ಮ ನಿವ್ವಳ ಆಸ್ತಿ. ಅದು ಸೊನ್ನೆಗಿಂತ ಕೆಳಗಿದ್ದರೆ ಗಾಬರಿ ಬೇಡ. ಓದಿಗೆ ಸಾಲ ಮಾಡಿದವರು, ಹೊಸದಾಗಿ ದುಡಿಯಲು ತೊಡಗಿದವರು ಅನೇಕರು ಅಲ್ಲಿಂದಲೇ ಹೊರಡುತ್ತಾರೆ. ಕೆಳಗಿದ್ದ ಅಂಕಿ ಸೊನ್ನೆ ಮುಟ್ಟುವುದು ಯಾರ ಕಣ್ಣಿಗೂ ಬೀಳದ ಗಳಿಕೆ. ನಮ್ಮ ಎಣಿಕೆಯಲ್ಲಿ ಮೊದಲ ದೊಡ್ಡ ಉಳಿತಾಯಕ್ಕಿಂತಲೂ ಅದೇ ಹಿರಿದು.

ಈ ಹಾಳೆಯಲ್ಲಿ ಮೂರು ತಪ್ಪುಗಳು ಸಾಮಾನ್ಯ. ಒಂದು, ಎಡಭಾಗವನ್ನು ಉಬ್ಬಿಸುವುದು. ಮಾರದ ಒಡವೆ, ಪೀಠೋಪಕರಣ, ಮೊಬೈಲ್ ಇವುಗಳನ್ನು ಸೇರಿಸಬೇಡಿ. ವಾಹನ ಸೇರಿಸುವುದಾದರೆ ಇವತ್ತು ಮಾರಿದರೆ ಸಿಗುವ ಬೆಲೆಗೆ. ಎರಡು, ಕೈಸಾಲಗಳನ್ನು ಬಿಡುವುದು. ಬಡ್ಡಿ ಇಲ್ಲದಿದ್ದರೂ ನೆಂಟರ ಹಣ ಸಾಲವೇ. ಬೇರೆಯವರ ಸಾಲಕ್ಕೆ ಜಾಮೀನು ಹಾಕಿದ್ದರೆ ಅದನ್ನು ಮೊತ್ತಕ್ಕೆ ಕೂಡಿಸದೆ ಕೆಳಗೆ ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ. ಅವರು ಕಟ್ಟದ ದಿನ ಅದು ನಿಮ್ಮದು.

ಮೂರನೆಯ ತಪ್ಪು ಬಡ್ಡಿ ದರದ್ದು. ‘ಫ್ಲಾಟ್’ ದರದಲ್ಲಿ ಕೊಟ್ಟ ಸಾಲಕ್ಕೆ ಬಡ್ಡಿ ಹಾಕುವುದು ಮೊದಲ ದಿನದ ಪೂರ್ತಿ ಮೊತ್ತದ ಮೇಲೆ, ನೀವು ಅಸಲು ತೀರಿಸುತ್ತ ಬಂದರೂ. 1,20,000 ಸಾಲ, ಶೇ. 10 ಫ್ಲಾಟ್, 3 ವರ್ಷ ಎಂದರೆ ಬಡ್ಡಿ 36,000, ಕಂತು 4,333. ಕರಗುವ ಬಾಕಿಯ ಲೆಕ್ಕದಲ್ಲಿ ಇದರ ನಿಜವಾದ ದರ ಸುಮಾರು ಶೇ. 18. ಎಕ್ಸೆಲ್‌ನಲ್ಲಿ ‘ರೇಟ್’ (RATE) ಸೂತ್ರಕ್ಕೆ ಕಂತುಗಳ ಸಂಖ್ಯೆ, ಕಂತು (ಋಣ ಚಿಹ್ನೆಯೊಂದಿಗೆ), ಸಾಲದ ಮೊತ್ತ ಈ ಮೂರನ್ನು ಕೊಟ್ಟು ಬಂದ ಉತ್ತರವನ್ನು 12ರಿಂದ ಗುಣಿಸಿದರೆ ನಿಮ್ಮ ಸಾಲದ ನಿಜ ದರ ಸಿಗುತ್ತದೆ. ಹಾಳೆಯಲ್ಲಿ ಬರೆಯಬೇಕಾದದ್ದು ಆ ದರ. ಇಲ್ಲದಿದ್ದರೆ ಯಾವುದನ್ನು ಮೊದಲು ತೀರಿಸಬೇಕು ಎಂಬ ತೀರ್ಮಾನವೇ ಅಡಿಮೇಲಾಗುತ್ತದೆ.

ತಿಂಗಳಿಗೊಮ್ಮೆ, ಒಂದೇ ತಾರೀಖಿಗೆ ಈ ಹಾಳೆ ತುಂಬಿಸಿ. ಅರ್ಧ ಗಂಟೆಯೂ ಹಿಡಿಯುವುದಿಲ್ಲ. ದಿನಾ ನೋಡಬೇಡಿ. ಷೇರು ಇಳಿದ ತಿಂಗಳು, ಶುಲ್ಕ ಕಟ್ಟಿದ ತಿಂಗಳು ಅಂಕಿ ಹಿಂದೆ ಸರಿಯುತ್ತದೆ. ದಿನದಿನವೂ ನೋಡುವವರಿಗೆ ಅದು ಸೋಲಿನಂತೆ ಕಾಣುತ್ತದೆ, ಆರು ತಿಂಗಳ ಹಾಳೆಗಳನ್ನು ಒಟ್ಟಿಗೆ ನೋಡಿದವರಿಗೆ ದಿಕ್ಕು ಕಾಣುತ್ತದೆ.

ಒಟ್ಟು ಕಂತನ್ನು ಗೊತ್ತುಮಾಡುವುದು

ಕಳೆದ ಮೂರು ತಿಂಗಳ ಬ್ಯಾಂಕ್ ವಿವರ ತೆಗೆದುಕೊಳ್ಳಿ. ಬಂದದ್ದೆಲ್ಲ ಕೂಡಿ, ಸಾಲದ ಕಂತುಗಳನ್ನು ಬಿಟ್ಟು ಉಳಿದ ಖರ್ಚೆಲ್ಲ ಕಳೆಯಿರಿ, ಮೂರರಿಂದ ಭಾಗಿಸಿ. ಅದು ಸಾಲಕ್ಕೂ ಉಳಿತಾಯಕ್ಕೂ ಸೇರಿ ತಿಂಗಳಿಗೆ ನಿಮ್ಮ ಕೈಲಿ ನಿಜವಾಗಿ ಉಳಿಯುವ ಹಣ. ಮನಸ್ಸಿನಲ್ಲಿರುವ ಅಂದಾಜಿಗಿಂತ ಇದು ಕಡಿಮೆ ಬರುವುದೇ ಹೆಚ್ಚು. ಇದರ ಶೇ. 80ರಿಂದ 90ರಷ್ಟನ್ನು ಒಟ್ಟು ಕಂತು ಎಂದು ಗೊತ್ತುಮಾಡಿ. ಪೂರ್ತಿ ನೂರಕ್ಕೆ ನೂರು ಇಟ್ಟವರು ಎರಡನೆಯ ಅಥವಾ ಮೂರನೆಯ ತಿಂಗಳು ತಪ್ಪುತ್ತಾರೆ, ಒಮ್ಮೆ ತಪ್ಪಿದ ಕಂತನ್ನು ಮತ್ತೆ ಹಿಡಿಯುವುದು ಕಷ್ಟ. ಸಣ್ಣದಾಗಿ ಹೊರಟು ಏರಿಸುತ್ತ ಹೋಗುವುದೇ ಲೇಸು.

ಆದಾಯ ಏರುಪೇರಾಗುವವರು, ಅಂದರೆ ವ್ಯಾಪಾರ, ಕೃಷಿ, ಗುತ್ತಿಗೆ ಕೆಲಸದವರು, ಸರಾಸರಿ ನೋಡಬಾರದು. ಕಳೆದ 12 ತಿಂಗಳಲ್ಲಿ ಅತಿ ಕಡಿಮೆ ಬಂದ ಮೂರು ತಿಂಗಳ ಸರಾಸರಿಯನ್ನು ನಿಮ್ಮ ಸಂಬಳ ಎಂದುಕೊಳ್ಳಿ. ಬಂದ ಹಣವೆಲ್ಲ ಒಂದು ಖಾತೆಗೆ, ಅಲ್ಲಿಂದ ಪ್ರತಿ ತಿಂಗಳು ಆ ಸಂಬಳ ಮಾತ್ರ ಮನೆಖರ್ಚಿನ ಖಾತೆಗೆ. ಹೆಚ್ಚು ಬಂದ ತಿಂಗಳ ಉಳಿಕೆ ಮೊದಲ ಖಾತೆಯಲ್ಲೇ ನಿಂತು ಬರಗಾಲದ ತಿಂಗಳನ್ನು ತುಂಬಿಸುತ್ತದೆ.

ತಾರೀಖಿನ ಮಾತು. ತಿಂಗಳ ಕೊನೆಗೆ ಉಳಿದದ್ದನ್ನು ಎತ್ತಿಡುತ್ತೇನೆ ಎಂದರೆ ಏನೂ ಉಳಿಯುವುದಿಲ್ಲ. ಸಂಬಳ ಬಂದ ಕೂಡಲೇ ಹಣ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಆದೇಶ ಕೊಡಿ. ಆದರೆ ಸಂಬಳದ ದಿನವೇ ಇಡಬೇಡಿ. ರಜೆಯಿಂದಾಗಿ ಸಂಬಳ ಒಂದು ದಿನ ತಡವಾದರೆ ಆಟೋ ಡೆಬಿಟ್ ಬೌನ್ಸ್ ಆಗಿ ಬ್ಯಾಂಕೂ ಸಾಲ ಕೊಟ್ಟವರೂ ದಂಡ ಹಾಕುತ್ತಾರೆ, ಸಾಲದ ಇತಿಹಾಸದಲ್ಲೂ ಕಲೆ ಉಳಿಯಬಹುದು. ಎರಡು ಮೂರು ದಿನ ಅಂತರ ಸಾಕು. ಸಾಲದ ಕಂತಿನ ತಾರೀಖು ಸಂಬಳಕ್ಕಿಂತ ಮುಂಚೆ ಬೀಳುತ್ತಿದ್ದರೆ ಬದಲಿಸಿಕೊಡಿ ಎಂದು ಲಿಖಿತವಾಗಿ ಕೇಳಿ. ಹಲವು ಕಡೆ ಒಪ್ಪುತ್ತಾರೆ.

ಸಾಲದ ಬೇರು ಕೀಳುವುದು

ಸಾಲ ತೀರಿಸುವ ಆತುರದಲ್ಲಿ ಕೈಯನ್ನು ಪೂರ್ತಿ ಬರಿದು ಮಾಡಬೇಡಿ. ಅರ್ಧ ತಿಂಗಳ ಮನೆಖರ್ಚಾದರೂ ಪಕ್ಕಕ್ಕಿರಲಿ. ಇಲ್ಲದಿದ್ದರೆ ಒಂದು ಜ್ವರ, ಒಂದು ರಿಪೇರಿ ಬಂದರೂ ತೀರಿಸಿದ ಕಾರ್ಡನ್ನೇ ಮತ್ತೆ ಉಜ್ಜಬೇಕಾಗುತ್ತದೆ.

ಕ್ರೆಡಿಟ್ ಕಾರ್ಡಿನ ಬಾಕಿ ಇದ್ದರೆ ಅದರ ಗುಣ ಮೊದಲು ತಿಳಿದಿರಲಿ. ತಿಂಗಳಿಗೆ ಶೇ. 3 ಎಂದರೆ ವರ್ಷಕ್ಕೆ 36 ಅಲ್ಲ. ಬಡ್ಡಿಗೆ ಬಡ್ಡಿ ಸೇರಿ ಶೇ. 42.6ರ ಹತ್ತಿರ. ಬಾಕಿ 1,00,000 ಇದ್ದು, ಬಿಲ್ಲಿನಲ್ಲಿ ಬರುವ ಕನಿಷ್ಠ ಮೊತ್ತ (ಬಾಕಿಯ ಶೇ. 5 ಎಂದುಕೊಳ್ಳೋಣ) ಮಾತ್ರ ಕಟ್ಟುತ್ತ ಹೋದರೆ 32 ತಿಂಗಳ ನಂತರವೂ ಅರ್ಧದಷ್ಟು ಬಾಕಿ ಉಳಿದಿರುತ್ತದೆ. ಬಾಕಿ ಇಳಿದಂತೆ ಕನಿಷ್ಠ ಮೊತ್ತವೂ ಇಳಿಯುವುದೇ ಇದಕ್ಕೆ ಕಾರಣ. ಅದೇ ಮೊದಲ ತಿಂಗಳ 5,000ವನ್ನು ಇಳಿಸದೆ ಪ್ರತಿ ತಿಂಗಳು ಕಟ್ಟಿದರೆ 31 ತಿಂಗಳಲ್ಲಿ ಪೂರ್ತಿ ಸಾಲ ಮುಗಿಯುತ್ತದೆ. ಮೊದಲ ತಿಂಗಳು ಇಬ್ಬರೂ ಕಟ್ಟಿದ್ದು ಹೆಚ್ಚುಕಡಿಮೆ ಅಷ್ಟೇ. ಮೊತ್ತವನ್ನು ಇಳಿಯಬಿಡದೆ ಹಿಡಿದದ್ದೊಂದೇ ವ್ಯತ್ಯಾಸ. 10,000 ಕಟ್ಟಬಲ್ಲವರಿಗೆ ಸುಮಾರು 12 ತಿಂಗಳು ಸಾಕು, ಒಟ್ಟು ಬಡ್ಡಿ 5,000ದ ಕಂತಿನಲ್ಲಿ ತಗಲುವ 55,000ದಿಂದ 21,000ದ ಆಸುಪಾಸಿಗೆ ಇಳಿಯುತ್ತದೆ. ಬಾಕಿ ಉಳಿದಿರುವ ತನಕ ಆ ಕಾರ್ಡಿನಲ್ಲಿ ಹೊಸ ಖರೀದಿ ಬೇಡವೇ ಬೇಡ. ಬಾಕಿ ಇರುವಾಗ ಹೊಸ ಖರೀದಿಗೆ ಸಾಮಾನ್ಯವಾಗಿ ಬಡ್ಡಿರಹಿತ ಅವಧಿ ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ.

ಎಷ್ಟು ತಿಂಗಳು ಹಿಡಿಯುತ್ತದೆ ಎಂದು ನೀವೇ ನೋಡಲು ಎಕ್ಸೆಲ್‌ನಲ್ಲಿ ‘ಎನ್‌ಪಿಇಆರ್’ (NPER) ಸೂತ್ರವಿದೆ. ತಿಂಗಳ ಬಡ್ಡಿ (ಶೇ. 3 ಇದ್ದರೆ 0.03), ಕಂತು (ಋಣ ಚಿಹ್ನೆಯೊಂದಿಗೆ), ಬಾಕಿ. ಉತ್ತರದ ಬದಲು ದೋಷ ಬಂದರೆ ಕಂತು ಬಡ್ಡಿಗೇ ಸಾಲುತ್ತಿಲ್ಲ ಎಂದರ್ಥ. ಆ ಸಾಲ ಎಷ್ಟು ಕಟ್ಟಿದರೂ ತೀರದು.

ಹಲವು ಸಾಲಗಳಿದ್ದರೆ ಯಾವುದು ಮೊದಲು? ಎಲ್ಲಕ್ಕೂ ಕಟ್ಟಲೇಬೇಕಾದಷ್ಟು ಕಟ್ಟಿ, ಹೆಚ್ಚುವರಿ ಹಣವನ್ನೆಲ್ಲ ಒಂದೇ ಸಾಲಕ್ಕೆ ಸುರಿಯಬೇಕು. ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಹಂಚಿದರೆ ಯಾವುದೂ ಬೇಗ ಮುಗಿಯುವುದಿಲ್ಲ. ಒಂದು ಉದಾಹರಣೆ ಪೂರ್ತಿ ನೋಡೋಣ.

ಕಾರ್ಡ್ ಬಾಕಿ 60,000, ದರ ತಿಂಗಳಿಗೆ ಶೇ. 3 (ಬಡ್ಡಿಗೆ ಬಡ್ಡಿ ಸೇರಿಸದೆ ವರ್ಷಕ್ಕೆ ಶೇ. 36), ಕಂತು 3,000. ವೈಯಕ್ತಿಕ ಸಾಲ 1,50,000, ದರ ಶೇ. 15, 36 ತಿಂಗಳಿಗೆ ಕಂತು 5,200. ನೆಂಟರ ಕೈಸಾಲ 20,000, ಬಡ್ಡಿಯಿಲ್ಲ, ತಿಂಗಳಿಗೆ 1,000. ಒಟ್ಟು 9,200. ಕೈಲಿ ಇನ್ನೂ 4,800 ಉಳಿಯುತ್ತದೆ, ಹಾಗಾಗಿ ಒಟ್ಟು ಕಂತು 14,000.

ಮೊದಲ ತಿಂಗಳ ಬಡ್ಡಿ ನೋಡಿದರೆ ಕಾರ್ಡಿಗೆ 1,800, ವೈಯಕ್ತಿಕ ಸಾಲಕ್ಕೆ 1,875. ಹೆಚ್ಚು ಬಡ್ಡಿ ತಿನ್ನುವುದು ವೈಯಕ್ತಿಕ ಸಾಲ, ಅದನ್ನೇ ಮೊದಲು ಮುಗಿಸೋಣ ಎನಿಸುತ್ತದೆ. ಅಲ್ಲೇ ತಪ್ಪುವುದು. ನೋಡಬೇಕಾದದ್ದು ಹೆಚ್ಚುವರಿಯಾಗಿ ಕಟ್ಟುವ ಪ್ರತಿ 1,000 ಎಷ್ಟು ಬಡ್ಡಿ ಉಳಿಸುತ್ತದೆ ಎಂಬುದನ್ನು. ಕಾರ್ಡಿನಲ್ಲಿ ತಿಂಗಳಿಗೆ 30, ವೈಯಕ್ತಿಕ ಸಾಲದಲ್ಲಿ 12.50, ನೆಂಟರಲ್ಲಿ ಸೊನ್ನೆ. ಆದ್ದರಿಂದ 4,800 ಕಾರ್ಡಿಗೆ. ಕಾರ್ಡಿಗೆ ತಿಂಗಳಿಗೆ 7,800 ಹೋಗಿ ಒಂಬತ್ತನೆಯ ತಿಂಗಳು ಅದು ಮುಗಿಯುತ್ತದೆ. ಆಗ ವೈಯಕ್ತಿಕ ಸಾಲದ ಬಾಕಿ 1,18,500ರ ಹತ್ತಿರ ಇರುತ್ತದೆ. ಹತ್ತನೆಯ ತಿಂಗಳಿಂದ ಆ 7,800 ಕೂಡ ಸೇರಿ ವೈಯಕ್ತಿಕ ಸಾಲಕ್ಕೆ 13,000. ಹತ್ತೊಂಬತ್ತನೆಯ ತಿಂಗಳು ಅದೂ ಮುಗಿದು, ಮಿಕ್ಕ ಹಣದಲ್ಲಿ ನೆಂಟರ ಕೊನೆಯ ಬಾಕಿಯೂ ಚುಕ್ತಾ. ಹೆಚ್ಚುವರಿ ಹಾಕದೆ ಇದ್ದಿದ್ದರೆ 36 ತಿಂಗಳು.

ದರದ ಬದಲು ಸಣ್ಣ ಬಾಕಿಯನ್ನು ಮೊದಲು ಮುಗಿಸುವ ಕ್ರಮವೂ ಇದೆ. ಒಂದು ಸಾಲ ಹಾಳೆಯಿಂದ ಅಳಿಸಿಹೋದಾಗ ಸಿಗುವ ಹುರುಪು ದೊಡ್ಡದು, ಅದನ್ನು ಹಗುರವಾಗಿ ಕಾಣಬಾರದು. ದರಗಳ ನಡುವೆ ನಾಲ್ಕೈದು ಶೇಕಡಾ ಅಂಶಕ್ಕಿಂತ ಕಡಿಮೆ ಅಂತರವಿದ್ದರೆ ಸಣ್ಣದನ್ನೇ ಮೊದಲು ಮುಗಿಸಿ, ನಷ್ಟ ಅಲ್ಪ. ಶೇ. 36ರ ಸಾಲ ಪಕ್ಕದಲ್ಲಿ ಉರಿಯುತ್ತಿರುವಾಗ ಮಾತ್ರ ಈ ಸಮಾಧಾನ ತುಟ್ಟಿ. ಬಡ್ಡಿಯಿಲ್ಲದ ಕೈಸಾಲವನ್ನು ಲೆಕ್ಕದ ಪ್ರಕಾರ ಕೊನೆಗೆ ತಳ್ಳಬಹುದಾದರೂ ಪ್ರತಿ ತಿಂಗಳು ಹೇಳಿದ ದಿನಕ್ಕೆ ಸ್ವಲ್ಪವಾದರೂ ಕೊಡುತ್ತಿರಿ. ಅಲ್ಲಿ ಬಡ್ಡಿಯ ಬದಲು ಖರ್ಚಾಗುವುದು ಸಂಬಂಧ.

ಕಡಿಮೆ ಬಡ್ಡಿಯ ಒಂದು ಸಾಲ ತೆಗೆದು ಕಾರ್ಡುಗಳನ್ನೆಲ್ಲ ಮುಚ್ಚುವ ದಾರಿ ಒಳ್ಳೆಯದೇ, ಎರಡು ಷರತ್ತಿನ ಮೇಲೆ. ಮೊದಲನೆಯದು, ಕಂತು ಇಳಿಸಬಾರದು. ಶೇ. 36ರ 1,00,000ವನ್ನು ಶೇ. 15ಕ್ಕೆ ಬದಲಿಸಿ 5 ವರ್ಷಕ್ಕೆ ಹರಡಿದರೆ ಕಂತು 2,379ಕ್ಕೆ ಇಳಿದು ಹಾಯೆನಿಸುತ್ತದೆ, ಆದರೆ ಬಡ್ಡಿ 42,700 ತೆರಬೇಕು. ಹಿಂದಿನ 5,000ವನ್ನೇ ಕಟ್ಟಿದರೆ 24 ತಿಂಗಳೊಳಗೆ ಮುಗಿದು ಬಡ್ಡಿ 16,000 ದಾಟುವುದಿಲ್ಲ. ಹೊಸ ಸಾಲದ ಸಂಸ್ಕರಣಾ ಶುಲ್ಕ, ಅವಧಿಗೆ ಮುಂಚೆ ಕಟ್ಟಿದರೆ ಬೀಳುವ ದಂಡ ಎರಡನ್ನೂ ಸಹಿ ಹಾಕುವ ಮುನ್ನ ಕೇಳಿ. ಎರಡನೆಯ ಷರತ್ತು, ಖಾಲಿಯಾದ ಕಾರ್ಡಿನ ಮಿತಿಯನ್ನು ಅದೇ ದಿನ ಇಳಿಸಬೇಕು ಅಥವಾ ಕಾರ್ಡ್ ಮುಚ್ಚಬೇಕು. ಇದೊಂದನ್ನು ಮಾಡದೆ ವರ್ಷದೊಳಗೆ ಹೊಸ ಸಾಲವೂ ಹಳೆಯ ಕಾರ್ಡೂ ಎರಡೂ ತಲೆ ಮೇಲೆ ಬಂದವರು ಎಷ್ಟೋ ಮಂದಿ.

ಮುಗಿಯಿತು ಎನ್ನಲು ಕಾಗದ ಬೇಕು

ಕೊನೆಯ ಕಂತಿನ ಸಂಭ್ರಮದಲ್ಲಿ ಜನ ಮರೆಯುವುದು ಇದನ್ನೇ. ಹಣ ಕಟ್ಟಿದ ಮಾತ್ರಕ್ಕೆ ಸಾಲ ಮುಚ್ಚುವುದಿಲ್ಲ.

ಮುಂಚಿತವಾಗಿ ಮುಗಿಸುವುದಾದರೆ ‘ಇಂಥ ದಿನಕ್ಕೆ ಸಾಲ ಪೂರ್ತಿ ಮುಚ್ಚಲು ಎಷ್ಟು’ ಎಂದು ಬರಹದಲ್ಲಿ ಪಡೆಯಿರಿ. ಹಿಂದಿನ ವಿವರಪಟ್ಟಿಯ ಬಾಕಿಯನ್ನು ಕಟ್ಟಿದರೆ ಆ ಪಟ್ಟಿಯ ದಿನದಿಂದ ಕಟ್ಟಿದ ದಿನದವರೆಗಿನ ಬಡ್ಡಿ ಉಳಿದುಬಿಡುತ್ತದೆ. ಕಾರ್ಡಿನಲ್ಲಿ ಇದು ಮುಂದಿನ ಬಿಲ್ಲಿನಲ್ಲಿ ಸಣ್ಣ ಮೊತ್ತವಾಗಿ ಬರುತ್ತದೆ. ತೀರಿತೆಂದು ಬಿಲ್ಲು ನೋಡದೆ ಬಿಟ್ಟವರಿಗೆ ಆ ಚಿಲ್ಲರೆಯ ಮೇಲೆ ದಂಡ ಬೆಳೆದು, ವರ್ಷದ ನಂತರ ಸಾಲದ ಇತಿಹಾಸದಲ್ಲಿ ‘ಬಾಕಿದಾರ’ ಎಂಬ ಗುರುತಾಗಿ ಕಾಣುತ್ತದೆ. ಸೊನ್ನೆ ತೋರಿಸುವ ಎರಡು ಬಿಲ್ಲು ಕೈಗೆ ಬರುವ ತನಕ ಕಣ್ಣಿಡಿ.

ಆಮೇಲೆ ಈ ಕೆಲಸಗಳು: ಸಾಲದ ಸಂಖ್ಯೆ ಮತ್ತು ಮುಚ್ಚಿದ ದಿನಾಂಕ ಇರುವ ‘ಬಾಕಿ ಇಲ್ಲ’ ಪತ್ರ, ಅಡವಿಟ್ಟ ಮೂಲ ಪತ್ರಗಳನ್ನು, ಕೊಡುವಾಗ ಪಡೆದ ಪಟ್ಟಿಯೊಂದಿಗೆ ಒಂದೊಂದಾಗಿ ತಾಳೆ ನೋಡಿ ಹಿಂಪಡೆಯುವುದು, ಖಾಲಿ ಚೆಕ್ ಕೊಟ್ಟಿದ್ದರೆ ವಾಪಸು, ಆಟೋ ಡೆಬಿಟ್ ಆದೇಶ ರದ್ದು, ಆಸ್ತಿ ಅಥವಾ ವಾಹನದ ದಾಖಲೆಯಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರು ನಮೂದಾಗಿದ್ದರೆ ಅದನ್ನು ತೆಗೆಸುವುದು, ಜಾಮೀನುದಾರರ ಬಿಡುಗಡೆ. ಸಾಲದ ಜೊತೆ ವಿಮೆ ಕಟ್ಟಿದ್ದರೆ ಉಳಿದ ಅವಧಿಯ ಹಣ ಮರಳುತ್ತದೆಯೇ ಎಂದು ಕೇಳಿ, ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಒಂದೆರಡು ತಿಂಗಳ ನಂತರ ನಿಮ್ಮ ಸಾಲದ ಇತಿಹಾಸದ ವರದಿ ತೆಗೆದು ನೋಡಿ. ಅಲ್ಲಿ ‘ಮುಚ್ಚಲಾಗಿದೆ’ ಎಂದಿರಬೇಕು. ‘ರಾಜಿಯಾಗಿದೆ’ ಎಂದಿದ್ದರೆ ಪೂರ್ತಿ ಕಟ್ಟದೆ ಚೌಕಾಸಿಯಲ್ಲಿ ಮುಗಿಸಿದರು ಎಂದರ್ಥ, ಮುಂದಿನ ಸಾಲ ಕೇಳುವಾಗ ಅದು ಅಡ್ಡ ಬರುತ್ತದೆ. ಪೂರ್ತಿ ಕಟ್ಟಿಯೂ ಹಾಗೆ ನಮೂದಾಗಿದ್ದರೆ ‘ಬಾಕಿ ಇಲ್ಲ’ ಪತ್ರವೇ ನಿಮ್ಮ ಸಾಕ್ಷಿ.

ಇಪ್ಪತ್ತನೆಯ ತಿಂಗಳು: ಆಪದ್ಧನ

ಮೇಲಿನ ಉದಾಹರಣೆಯಲ್ಲಿ ಹತ್ತೊಂಬತ್ತನೆಯ ತಿಂಗಳಿಗೆ ಸಾಲ ತೀರಿತು. ಇಪ್ಪತ್ತನೆಯ ತಿಂಗಳು, ಅದೇ ತಾರೀಖಿಗೆ, 14,000 ಆಪದ್ಧನದ ಖಾತೆಗೆ ಹೋಗುವಂತೆ ಆದೇಶ ಕೊಡಿ. ಒಂದು ತಿಂಗಳು ಬಿಡುವು ತೆಗೆದುಕೊಳ್ಳೋಣ ಎಂಬ ಮಾತು ಬೇಡ. ಸಂತೋಷಪಡಲು ಏನಾದರೂ ಕೊಳ್ಳಬೇಕೆಂದರೆ ಮೊತ್ತವನ್ನು ಮೊದಲೇ ನಿಗದಿ ಮಾಡಿ, ಕೊನೆಯ ಕಂತಿನಲ್ಲಿ ಮಿಕ್ಕ ಹಣದಲ್ಲೇ ಮುಗಿಸಿ.

ಎಷ್ಟು ಬೇಕು? ಆದಾಯವನ್ನು ನೋಡಿ ಹೇಳುವಂಥದ್ದಲ್ಲ, ಅನಿವಾರ್ಯ ಖರ್ಚನ್ನು ನೋಡಿ ಹೇಳಬೇಕು: ಬಾಡಿಗೆ, ಊಟ, ವಿದ್ಯುತ್, ಔಷಧಿ, ಮಕ್ಕಳ ಶುಲ್ಕ, ವಿಮೆಯ ಕಂತು, ಓಡಾಟ. ಕಾಯಂ ಸಂಬಳದವರು, ಮನೆಯಲ್ಲಿ ಇಬ್ಬರು ದುಡಿಯುವವರು 3ರಿಂದ 6 ತಿಂಗಳಿನದು ಇಟ್ಟರೆ ಸಾಕು. ಒಬ್ಬರ ದುಡಿಮೆಯ ಮೇಲೆ ನಿಂತ ಮನೆ, ಏರುಪೇರಿನ ಆದಾಯ, ದೀರ್ಘ ಕಾಯಿಲೆಯವರು ಇರುವ ಮನೆಗೆ 9ರಿಂದ 12. ತಿಂಗಳಿಗೆ 30,000 ಅನಿವಾರ್ಯ ಖರ್ಚಿದ್ದು ಆರು ತಿಂಗಳ ಗುರಿ ಇಟ್ಟರೆ 1,80,000. ಮೊದಲೇ ಪಕ್ಕಕ್ಕಿಟ್ಟಿದ್ದ ಅರ್ಧ ತಿಂಗಳ 15,000 ಕಳೆದು ಉಳಿದದ್ದನ್ನು 14,000ದಂತೆ ತುಂಬಲು 12 ತಿಂಗಳು. ಒಟ್ಟು 2,30,000 ಸಾಲದಲ್ಲಿದ್ದ ಮನೆ 31 ತಿಂಗಳಲ್ಲಿ ಸಾಲವಿಲ್ಲದೆ ಆರು ತಿಂಗಳು ಕೂತು ಉಣ್ಣಬಲ್ಲ ಮನೆಯಾಯಿತು. ಆದಾಯ ಒಂದು ಪೈಸೆಯೂ ಏರದೆ.

ಸಾಲವೇ ಇಲ್ಲದೆ ಹೊರಡುವವರಿಗೆ ಇನ್ನೊಂದು ಸುಲಭ ಲೆಕ್ಕ: ಆದಾಯದ ಶೇ. 10 ಉಳಿಸುವವರು ಒಂದು ತಿಂಗಳ ಖರ್ಚು ಕೂಡಿಸಲು 9 ತಿಂಗಳು ದುಡಿಯಬೇಕು. ಶೇ. 20 ಉಳಿಸಿದರೆ 4 ತಿಂಗಳು, ಶೇ. 25 ಆದರೆ 3. ಉಳಿತಾಯ ಏರಿದಾಗ ಕೂಡಿಡುವುದೂ ಹೆಚ್ಚುತ್ತದೆ, ಬದುಕಲು ಬೇಕಾದದ್ದೂ ತಗ್ಗುತ್ತದೆ. ಅದಕ್ಕೇ ಶೇ. 10ರಿಂದ 20ಕ್ಕೆ ಹೋದಾಗ ಕಾಲ ಅರ್ಧಕ್ಕಿಂತಲೂ ಕಡಿಮೆಯಾಗುವುದು.

ಇಡುವ ಜಾಗಕ್ಕೆ ಮೂರು ಗುಣ ಬೇಕು. ಒಂದು ದಿನದಲ್ಲಿ ಕೈಗೆ ಸಿಗಬೇಕು, ಬೆಲೆ ಇಳಿಯಬಾರದು, ದಿನಬಳಕೆಯ ಕಾರ್ಡಿಗೆ ಅಂಟಿಕೊಂಡಿರಬಾರದು. ಒಂದು ತಿಂಗಳಿನದು ಬೇರೆ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ, ಉಳಿದದ್ದು ಸಣ್ಣ ಸಣ್ಣ ಠೇವಣಿಗಳಲ್ಲಿ. 1,50,000ದ ಒಂದೇ ಠೇವಣಿಗಿಂತ 30,000ದ ಐದು ವಾಸಿ. ಮುರಿಯಬೇಕಾದಾಗ ಒಂದನ್ನು ಮುರಿದರೆ ಸಾಕು, ಉಳಿದವುಗಳ ಬಡ್ಡಿ ಕೆಡುವುದಿಲ್ಲ. ಷೇರಿನಲ್ಲಿ ಮಾತ್ರ ಇಡಬೇಡಿ. ಕೆಲಸಗಳು ಹೋಗುವ ಕಾಲವೂ ಷೇರುಗಳು ಬೀಳುವ ಕಾಲವೂ ಒಟ್ಟಿಗೆ ಬರುವುದುಂಟು.

ಆಪದ್ಧನವನ್ನು ಖಾಲಿ ಮಾಡುವುದು ಹೆಚ್ಚಾಗಿ ಆಪತ್ತಲ್ಲ. ವರ್ಷಕ್ಕೊಮ್ಮೆ ಬಂದೇ ಬರುವ ಖರ್ಚು. ವಿಮೆ 12,000, ಶುಲ್ಕ 30,000, ವಾಹನ ರಿಪೇರಿ 6,000 ಎಂದರೆ 48,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 4,000. ಇದಕ್ಕೊಂದು ಬೇರೆ ಖಾತೆ ಮಾಡಿ, ಅದನ್ನು ಮನೆಖರ್ಚಿನಲ್ಲೇ ಲೆಕ್ಕ ಹಿಡಿಯಿರಿ. ಈ ಖಾತೆ ಇಲ್ಲದ ಆಪದ್ಧನ ಎರಡು ವರ್ಷ ಉಳಿಯುವುದು ಅಪರೂಪ. ನಿಜವಾದ ಆಪತ್ತು ಬಂದು ಹಣ ತೆಗೆದರೆ ಮಾತ್ರ ಮನಸ್ಸು ಕುಗ್ಗಿಸಿಕೊಳ್ಳಬೇಡಿ, ಅದು ಇದ್ದದ್ದೇ ಅದಕ್ಕೆ. ಬೇರೆ ಕಡೆ ಹೋಗುತ್ತಿದ್ದ ಕಂತನ್ನು ಮತ್ತೆ ತುಂಬುವ ತನಕ ಇಲ್ಲಿಗೆ ತಿರುಗಿಸಿ.

ಮನೆ ಸಾಲ ಇದ್ದವರಿಗೆ

20 ವರ್ಷದ ಸಾಲ ಹತ್ತು ವರ್ಷಕ್ಕೆ ಅರ್ಧ ತೀರಿರುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. 10,00,000 ಸಾಲ, ಶೇ. 9, 20 ವರ್ಷ: ಕಂತು 8,997. ಮೊದಲ ಕಂತಿನಲ್ಲಿ 7,500 ಬಡ್ಡಿ, ಅಸಲಿಗೆ ಹೋಗುವುದು 1,497 ಮಾತ್ರ. ಹತ್ತು ವರ್ಷ ತಪ್ಪದೆ ಕಟ್ಟಿದ ಮೇಲೂ 7,10,000 ಬಾಕಿ. ಒಟ್ಟು ಬಡ್ಡಿ 11,59,000, ಸಾಲಕ್ಕಿಂತ ಹೆಚ್ಚು.

ವರ್ಷಕ್ಕೆ ಒಂದೇ ಒಂದು ಹೆಚ್ಚುವರಿ ಕಂತು, ಅಂದರೆ ಹನ್ನೆರಡರ ಬದಲು ಹದಿಮೂರು, ಮೊದಲ ವರ್ಷದಿಂದ ಕಟ್ಟಿದರೆ ಈ ಸಾಲ ಹದಿನಾರೂವರೆ ವರ್ಷಕ್ಕೆ ಮುಗಿದು ಸುಮಾರು 2,30,000 ಬಡ್ಡಿ ಉಳಿಯುತ್ತದೆ. ಹೆಚ್ಚುವರಿ ಕಟ್ಟುವಾಗ ‘ಅಸಲಿಗೆ ಜಮಾ ಮಾಡಿ, ಕಂತು ಹಾಗೇ ಇರಲಿ, ಅವಧಿ ಇಳಿಸಿ’ ಎಂದು ಬರೆದುಕೊಡಿ. ಇಲ್ಲವಾದರೆ ಅದನ್ನು ಮುಂದಿನ ಕಂತಿನ ಮುಂಗಡ ಎಂದು ಹಿಡಿಯಬಹುದು, ಅಥವಾ ಕಂತನ್ನು ಇಳಿಸಿ ಅವಧಿಯನ್ನು ಹಾಗೇ ಬಿಡಬಹುದು. ಬದಲಾಗುವ ದರದ ಸಾಲವಾದರೆ ದರ ಏರಿದಾಗ ಕಂತು ಬದಲಾಗದೆ ಅವಧಿ ಸದ್ದಿಲ್ಲದೆ ಉದ್ದವಾಗಿರಬಹುದು. ವರ್ಷಕ್ಕೊಮ್ಮೆ ಉಳಿದ ಕಂತುಗಳ ಸಂಖ್ಯೆ ಕೇಳಿ ಹಾಳೆಯಲ್ಲಿ ಬರೆಯಿರಿ. ಬಾಕಿಗಿಂತ ಈ ಸಂಖ್ಯೆಯೇ ಹೆಚ್ಚು ಸತ್ಯ ಹೇಳುತ್ತದೆ.

ಹಣ ನಿಮ್ಮಷ್ಟೇ ದುಡಿಯುವ ದಿನ

ಆಪದ್ಧನ ತುಂಬಿದ ಮರುತಿಂಗಳು, ಅದೇ ತಾರೀಖು, ಅದೇ 14,000, ಈಗ ದೀರ್ಘಕಾಲದ ಹೂಡಿಕೆಗೆ. ಉದ್ಯೋಗದಾತರು ನಿಮ್ಮ ನಿವೃತ್ತಿ ನಿಧಿಗೆ ನೀವು ಹಾಕಿದಷ್ಟು ಹಾಕುವವರಾದರೆ ಅದನ್ನು ಸಾಲದ ದಿನಗಳಲ್ಲೂ ನಿಲ್ಲಿಸಿರಬಾರದು.

ಇಲ್ಲಿ ಕಾಯಬೇಕಾದ ಒಂದು ದಿನವಿದೆ: ತಿಂಗಳ ಗಳಿಕೆ ತಿಂಗಳ ಕಂತಿಗೆ ಸಮವಾಗುವ ದಿನ. ಅದು ಯಾವಾಗ ಎಂಬುದು ಕಂತಿನ ಗಾತ್ರವನ್ನು ಅವಲಂಬಿಸಿಲ್ಲ, ದರವನ್ನು ಮಾತ್ರ. ಹಣ ಎರಡರಷ್ಟಾಗಲು ಎಷ್ಟು ಕಾಲ ಬೇಕೋ ಅಷ್ಟೇ. ವರ್ಷಕ್ಕೆ ಶೇ. 8 ಸಿಕ್ಕರೆ 8 ವರ್ಷ 9 ತಿಂಗಳು, ಶೇ. 6 ಆದರೆ ಹನ್ನೊಂದೂವರೆ ವರ್ಷದ ಮೇಲೆ. ತಿಂಗಳಿಗೆ 1,000 ಹಾಕುವವರಿಗೂ 14,000 ಹಾಕುವವರಿಗೂ ಆ ದಿನ ಒಂದೇ. 14,000ದ ಲೆಕ್ಕದಲ್ಲಿ ಅಂದು ಒಟ್ಟು 21,00,000 ಆಗಿರುತ್ತದೆ, ಅದರಲ್ಲಿ ನೀವು ಹಾಕಿದ್ದು 14,60,000ದಷ್ಟು. ಶೇ. 8 ಲೆಕ್ಕಕ್ಕೆ ಹಿಡಿದ ದರ, ಮಾರುಕಟ್ಟೆಯಲ್ಲಿ ಅದು ವರ್ಷ ವರ್ಷವೂ ಒಂದೇ ಸಮನೆ ಬರುವುದಿಲ್ಲ, ಕೆಲವು ವರ್ಷ ಇಳಿಕೆಯೂ ಇರುತ್ತದೆ. ಐದು ವರ್ಷದೊಳಗೆ ಬೇಕಾಗುವ ಹಣವನ್ನು ಷೇರಿಗೆ ಹಾಕಬೇಡಿ.

ಶುಲ್ಕದ ಮೇಲೆ ಕಣ್ಣಿರಲಿ. ತಿಂಗಳಿಗೆ 1,000ದಂತೆ 20 ವರ್ಷ, ಶೇ. 8ಕ್ಕೆ 5,89,000 ಆಗುತ್ತದೆ. ವರ್ಷಕ್ಕೆ ಶೇ. 1 ಶುಲ್ಕದಲ್ಲಿ ಹೋಗಿ 7 ಉಳಿದರೆ 5,21,000. ನೀವು ಜೀವಮಾನದಲ್ಲಿ ಹಾಕಿದ್ದೇ 2,40,000 ಇರುವಾಗ 68,000 ಸಣ್ಣ ಮೊತ್ತವಲ್ಲ.

ಸಂಬಳ ಏರಿದಾಗ ಏರಿಕೆಯ ಅರ್ಧ ಕಂತಿಗೆ, ಅರ್ಧ ಬದುಕಿಗೆ. ಪೂರ್ತಿ ಉಳಿಸುವ ಶಪಥ ಬಹುಕಾಲ ನಿಲ್ಲದು, ಪೂರ್ತಿ ಖರ್ಚು ಮಾಡಿದರೆ ಏರಿಕೆಯ ಗುರುತೇ ಸಿಗದು. ಹೊಸ ಸಂಬಳ ಬರುವ ಮೊದಲ ತಿಂಗಳೇ ಆದೇಶದ ಮೊತ್ತ ಬದಲಿಸಿ. ಎರಡನೆಯ ತಿಂಗಳಿಗೆ ಖರ್ಚು ಆ ಜಾಗವನ್ನು ಹಿಡಿದಿರುತ್ತದೆ.

ಯಾರಿಗೆ ಹೇಳಬೇಕು ಎಂಬ ಪ್ರಶ್ನೆಯೂ ಬರುತ್ತದೆ. ಸಾಲ ತೀರಿತು ಎಂದು ಧಾರಾಳವಾಗಿ ಹೇಳಿ, ಕೇಳಿದವರಿಗೂ ದಾರಿ ಕಾಣುತ್ತದೆ. ಕೂಡಿಟ್ಟ ಮೊತ್ತವನ್ನು ಮಾತ್ರ ಮನೆಯೊಳಗೇ ಇಡಿ. ಅಂಕಿ ಹೊರಬಿದ್ದರೆ ಕೈಸಾಲ ಕೇಳುವವರು, ಜಾಮೀನು ಕೇಳುವವರು ಬರುತ್ತಾರೆ, ಇಲ್ಲ ಎನ್ನುವುದು ಕಷ್ಟವಾಗುತ್ತದೆ.

ತಿಂಗಳ ಹಾಳೆಗಳು, ‘ಬಾಕಿ ಇಲ್ಲ’ ಪತ್ರಗಳು, ಠೇವಣಿ ಮತ್ತು ವಿಮೆಯ ಪತ್ರಗಳು ಎಲ್ಲ ಒಂದೇ ಫೈಲಿನಲ್ಲಿರಲಿ. ಪ್ರತಿ ಖಾತೆಗೂ ನಾಮಿನಿ ಹೆಸರು ನೋಂದಾಯಿಸಿ, ಮದುವೆ, ಹೆರಿಗೆ, ಸಾವು ಆದಾಗ ಅದನ್ನು ಬದಲಿಸಿ. ಫೈಲು ಎಲ್ಲಿದೆ, ಯಾವ ತಾರೀಖಿಗೆ ಎಷ್ಟು ಹೋಗುತ್ತದೆ ಎಂಬುದು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಬೇಕು. ವರ್ಷಕ್ಕೊಮ್ಮೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ತಿಂಗಳ ಹಾಳೆಯನ್ನು ಅವರ ಕೈಯಿಂದಲೇ ತುಂಬಿಸಿ.